ಏಳನೆಯ ಸೀಡಿ

"ಈ ಸೀಡಿಯೊಳಗ ಏನೂ ಇಲ್ರಿ. ಆದ್ರ ಇದನ್ನ ನೋಡಿದಾಗಿಂದ ನಮ್ಮ ಕಾಕು ಗಂಟು ಕಟ್ಟಾಕ ಹತ್ಯಾಳ."

ಹೀಗೆಂದು ಆ ಹುಡುಗಿ ಒಂದು ಸೀಡಿಯನ್ನು ನನ್ನ ಕೌಂಟರಿನ ಮೇಲೆ ಇಟ್ಟಾಗ ನಾನು ಯಾರದೋ ಹೊಲದ ಉತಾರದ ಝೆರಾಕ್ಸ್ ತೆಗೆಯುತ್ತಿದ್ದೆ. ಅದು 2012ರ ಜೂನ್ ತಿಂಗಳ ಮೊದಲ ಶನಿವಾರ. ಅವಳ ಕೈಯಲ್ಲಿ ಇನ್ನೂ ಮದುವೆಯ ಹಸಿರು ಬಳೆಗಳಿದ್ದವು. ಕಣ್ಣು ಮಾತ್ರ ಅತ್ತು ಅತ್ತು ಬಾತುಕೊಂಡಿದ್ದವು. ಅವಳು ಹುಡುಕಿಕೊಂಡು ಬಂದದ್ದು ನನ್ನನ್ನಲ್ಲ. ರಾಯಬಾಗದ ಬಸ್ ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಗೆ ಹೀಗೆ ಅಳುತ್ತ ಬರುವವರು ಯಾರೂ ನನ್ನನ್ನು ಕೇಳುವುದಿಲ್ಲ. ಅಂಗಡಿಯ ಹಿಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿರುವ ಸೋನಾಬಾಯಿ ಅಕ್ಕಾರನ್ನು ಕೇಳುತ್ತಾರೆ.

ಅಕ್ಕಾರು ಮೂವತ್ತೈದು ವರ್ಷ ಸರಕಾರಿ ನರ್ಸ್ ಆಗಿದ್ದವರು. ಈ ತಾಲೂಕಿನ ಅರ್ಧ ಜನರನ್ನು ಅವರು ಹುಟ್ಟಿದ ಗಳಿಗೆಯಲ್ಲೇ ನೋಡಿದ್ದಾರೆ, ಹೀಗಾಗಿ ಯಾರ ದೊಡ್ಡಸ್ತಿಕೆಗೂ ಹೆದರುವುದಿಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ಊರವರ ಒಗಟು ಬಿಡಿಸುವ ಹುಚ್ಚು ಹತ್ತಿತು. ಕಳುವಾದ ಎತ್ತು, ಹೆಸರಿಲ್ಲದ ಪತ್ರ, ಮದುವೆ ಮನೆಯಲ್ಲಿ ಮಾಯವಾದ ಸರ, ಹೀಗೆ ಎಲ್ಲದರ ಬೆನ್ನು ಹತ್ತುತ್ತಾರೆ. ಆಗ ಅವರನ್ನು ಹಳೆಯ ಎಂ-ಎಯ್ಟಿ ಗಾಡಿಯ ಹಿಂದೆ ಕೂಡಿಸಿಕೊಂಡು ಅಡ್ಡಾಡುವವನು ಈ ಮಲಕಾರಿ, ಅಂದರೆ ನಾನು. ಪೆಟ್ರೋಲ್ ನನ್ನದು, ಹೆಸರು ಅವರದು. ದೂರುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

"ಒಳಗ ಬಾ ಯವ್ವಾ," ಎಂದು ಅಕ್ಕಾರು ಹುಡುಗಿಯ ಕೈ ಹಿಡಿದರು. "ಮಲಕಾರಿ, ಚಾ ಹೇಳು. ನೀ ಮೊದಲಿಂದ ಹೇಳು ತಂಗಿ, ಗಡಬಡಿ ಬ್ಯಾಡ."

ಹುಡುಗಿಯ ಹೆಸರು ಸರಿತಾ. ಅಲಖನೂರದ ಮುರಗೆಪ್ಪನವರ ಸೊಸೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಗಂಡ ಅಮೋಲ ಮಿಲಿಟರಿಯಲ್ಲಿದ್ದ. ರಜೆ ಮುಗಿದು ಹಿಂದಿನ ಶನಿವಾರವೇ ಮೀರಜಿನಲ್ಲಿ ರೈಲು ಹತ್ತಿದ್ದ. ಅವನಿದ್ದ ಹಿಮದ ಠಾಣೆಯಿಂದ ಹದಿನೈದು ದಿನಕ್ಕೊಮ್ಮೆ ಮಾತ್ರ ಫೋನು. ಅದು ಬರಲು ಇನ್ನೂ ಒಂದು ವಾರವಿತ್ತು.

ಅಮೋಲನಿಗೆ ತಾಯಿ ಇಲ್ಲ. ಅವನು ಎರಡು ವರ್ಷದವನಿದ್ದಾಗಲೇ ತೀರಿಹೋಗಿದ್ದಳು. ಸಾಕಿ ಬೆಳೆಸಿದವಳು ಚಿಕ್ಕಪ್ಪನ ಹೆಂಡತಿ ಶೈಲಾ, ಅವನ ಬಾಯಲ್ಲಿ 'ಕಾಕು'. ಆಕೆಯ ಗಂಡನೂ ಪಂಪಸೆಟ್ಟಿನ ಕರೆಂಟು ಹೊಡೆದು ಸತ್ತು ಹದಿನೆಂಟು ವರ್ಷವಾಗಿತ್ತು. ಹಳದಿ ಕಾರ್ಯದ ದಿನ ಮದುಮಗನಿಗೆ ಅರಿಷಿಣ ಹಚ್ಚಲು ಮುತ್ತೈದೆಯರು ಸಾಲಾಗಿ ನಿಂತಿದ್ದಾಗ ಅಮೋಲ ಮಣೆ ಬಿಟ್ಟು ಎದ್ದ. ಅಡುಗೆಮನೆಯಲ್ಲಿ ಅಡಗಿ ಕುಳಿತಿದ್ದ ಶೈಲಾಳ ಕೈ ಹಿಡಿದು ಎಳೆದು ತಂದು, "ಮೊದಲ ನಮ್ಮ ಕಾಕು ಹಚ್ಚಬೇಕು, ಇಲ್ಲಾಂದ್ರ ನನಗ ಹಳದೀನ ಬ್ಯಾಡ" ಎಂದ. ವಿಧವೆ ಮದುಮಗನ ಅರಿಷಿಣ ಮುಟ್ಟುವುದೇ? ಹೆಂಗಸರು ಪಿಸುಗುಟ್ಟಿದರು, ಮುರಗೆಪ್ಪ ಮುಖ ತಿರುಗಿಸಿದರು. ಶೈಲಾ ತಲೆ ತಗ್ಗಿಸಿಕೊಂಡೇ ಹಚ್ಚಿದಳು. ಎಲ್ಲ ಸೇರಿ ಏಳು ನಿಮಿಷ. ವಿಡಿಯೋದವನು ಅಷ್ಟನ್ನೂ ಶೂಟಿಂಗ್ ಮಾಡಿದ್ದ.

"ಮೊನ್ನೆ ಗುರುವಾರ ಹಾಲಿನ ಗಾಡಿಯಾಂವ ಸ್ಟುಡಿಯೋದಿಂದ ಸೀಡಿ ತಂದುಕೊಟ್ಟನ್ರಿ," ಎಂದಳು ಸರಿತಾ. "ಓಣಿ ಮಂದಿಯೆಲ್ಲ ಟೀವಿ ಮುಂದ ಕುಂತಿದ್ರು. ಕಾಕು ಹಿಂದ ಬಾಗಲದಾಗ ನಿಂತಿದ್ಲು. ಹಳದಿ ಬಂತು, ಹೋತು. ಕಾಕು ಹಚ್ಚಿದ್ದಷ್ಟ ಇಲ್ಲ. ಅಷ್ಟನ್ನ ಕತ್ತರಿಸಿ ತಗದಾರ. ಸ್ಟುಡಿಯೋದವರು ನೆಟ್ಟಿಗೆ ಹತ್ತು ನಿಮಿಷದ್ದು ಹಾಕಿದ್ರಲ್ಲಾ, ಅದರಾಗೂ ಇಲ್ಲ."

"ಮತ್ತ ಈ ಸೀಡಿ ಯಾವುದು?"

"ಆರು ಹೇಳಿದ್ವಿ, ಏಳು ಬಂದೂವು. ಇದು ಏಳನೇದು. ಹಾಕಿದ್ರ 'ನೋ ಡಿಸ್ಕ್' ಅಂತೈತಿ. ಮ್ಯಾಲ ಬರೇ ಒಂದು ತಾರೀಖು. ಕಾಕು ಅದನ್ನ ನೋಡಿ ಸೀದಾ ಒಳಗ ಹೋಗಿ ಟ್ರಂಕು ತಗದ್ಲರಿ. ಉಗಾರ ಬುದ್ರುಕದಾಗ ಅವರ ಅಣ್ಣ ಅದಾರ. ಅವರಿಗೆ ಫೋನ್ ಮಾಡಿ, ಸೋಮವಾರ ಟೆಂಪೋ ತಗೊಂಡು ಬಾ ಅಂದ್ಲು. ಮತ್ತ ತಿರುಗಿ ಬರೂದಿಲ್ಲಂತ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಮನ್ಯಾರು ಊರು ಬಿಡೂ ದಿನ ಸ್ಟುಡಿಯೋದಾಗ ಕುಂತಿದ್ರು. ತನ್ನನ್ನ ನೋಡಿ ನಾಚಿಕಿ ಬಂದು ಅವರ ತಗಿಸ್ಯಾರ ಅಂತ ಕಾಕು ತಿಳ್ಕೊಂಡಾಳ್ರಿ. ಅವ್ರು ಅಂಥವರಲ್ಲ ಅಕ್ಕಾರ. ಸೋಮವಾರದೊಳಗ ಯಾರು ಮಾಡಿದ್ದು ಅಂತ ಹುಡುಕಿ ಕೊಡ್ರಿ."

ಅಕ್ಕಾರು ಸೀಡಿಯನ್ನು ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದರು. ಎಕ್ಸರೇ ನೋಡುತ್ತಿದ್ದ ಕಾಲದ ಅಭ್ಯಾಸ ಅದು. ಮೇಲ್ಗಡೆ ಬಾಲ್ ಪೆನ್ನಿನಿಂದ ಒತ್ತಿ ಒತ್ತಿ ಬರೆದಿತ್ತು: 14-6-1994. ಸರಿತಾ ಮದುವೆಯ ಸೀಡಿಯೊಂದನ್ನೂ ತಂದಿದ್ದಳು. ಅದರ ಮೇಲೆ ದಪ್ಪ ಮಾರ್ಕರಿನಲ್ಲಿ ಅಂದವಾಗಿ ಹೆಸರು ಬರೆದಿದ್ದರು. ಅಕ್ಕಾರು ಎರಡನ್ನೂ ಬೋರಲು ಹಾಕಿ ಓರೆಯಾಗಿ ನೋಡಿದರು.

"ಮದವಿ ಸೀಡಿ ನೋಡು ಮಲಕಾರಿ. ನಡುವಿನಿಂದ ಅಂಚಿನ ತನಕಾ ಬಣ್ಣ ಬ್ಯಾರೆ ಆಗೇತಿ. ಇದರಾಗ ತೂತಿನ ಸುತ್ತ ಒಂದು ಸಣ್ಣ ಗೆರಿ ಅಷ್ಟ."

"ಬರೆದಷ್ಟು ಜಾಗದ ಬಣ್ಣ ಬದಲಾಗತೈತ್ರಿ ಅಕ್ಕಾರ. ಅಂದ್ರ ಇದು ಖಾಲಿ." ಕಂಪ್ಯೂಟರ್ ಮಾತು ಬಂದರೆ ನಾನು ಸ್ವಲ್ಪ ಎದೆಯುಬ್ಬಿಸುತ್ತೇನೆ.

"ಖಾಲಿ ಇದ್ರ ಗೆರಿ ಯಾಕ ಐತಿ?"

ನನ್ನ ಕಂಪ್ಯೂಟರಿಗೆ ಹಾಕಿ ನೋಡಿದೆವು. ಒಂದೇ ಒಂದು ಫೈಲು, ನಲವತ್ತಾರು ಕೇಬಿ. ಒಂದು ಫೋಟೊಕ್ಕೂ ಅದರ ಹತ್ತು ಪಟ್ಟು ಜಾಗ ಬೇಕು. ಒತ್ತಿದರೆ, ಇದನ್ನು ತೆರೆಯುವ ಪ್ರೋಗ್ರಾಂ ಇಲ್ಲಿಲ್ಲ ಎಂದು ಕಂಪ್ಯೂಟರು ಕೈಯೆತ್ತಿತು. "ಕಸ," ಎಂದೆ ನಾನು. ಅಕ್ಕಾರು ಆ ಸೀಡಿಯನ್ನು ಸೆರಗಿನಿಂದ ಒರೆಸಿ ಜತನವಾಗಿ ಎತ್ತಿಟ್ಟರು.

ಆಮೇಲೆ ಮದುವೆಯ ಸೀಡಿ ನೋಡಿದೆವು. ಒಳ್ಳೆಯ ಕೆಲಸ. ಒಂದು ದೃಶ್ಯ ಇನ್ನೊಂದರೊಳಗೆ ಕರಗಿ ಹೋಗುತ್ತಿತ್ತು, ಹಾಡುಗಳು ಎಲ್ಲಿ ಮುಗಿದವು ಎಲ್ಲಿ ಶುರುವಾದವು ತಿಳಿಯುತ್ತಿರಲಿಲ್ಲ. ಹಳದಿಯ ಹೊತ್ತಿಗೆ ಮಾತ್ರ ಅಮೋಲ ಮಣೆಯಿಂದ ಏಳುತ್ತಿದ್ದಂತೆ ಹಾಡು ಅರ್ಧ ಸಾಲಿಗೆ 'ಟಕ್' ಎಂದು ನಿಂತಿತು. ಮರುಕ್ಷಣವೇ ಅವನು ಮತ್ತೆ ಮಣೆಯ ಮೇಲೆ, ಕೆನ್ನೆಯಲ್ಲಿ ಆಗಲೇ ಅರಿಷಿಣ. ನೆಟ್ಟಿಗೆ ಹಾಕಿದ ಹತ್ತು ನಿಮಿಷದ ತುಣುಕನ್ನೂ ನೋಡಬೇಕೆಂದರು. ನನ್ನ ಅಂಗಡಿಯ ನೆಟ್ಟಿನಲ್ಲಿ ಹತ್ತು ನಿಮಿಷದ್ದು ತುಂಬಿಕೊಳ್ಳಲು ಮುಕ್ಕಾಲು ತಾಸು ಬೇಕು. ನಾನು ಹಲ್ಲು ಕಡಿಯುತ್ತ ಕುಳಿತೆ. ಅದರಲ್ಲೂ ಅದೇ ಜಾಗದಲ್ಲಿ ಅದೇ 'ಟಕ್'.

"ಆಪರೇಷನ್ ಮಾಡಿದಾಂವ ಹೊಲಿಗಿ ಹಾಕಲಾರದ ಬಿಟ್ಟಾನ," ಎಂದರು ಅಕ್ಕಾರು. "ನಾಳೆ ಅಲಖನೂರಿಗೆ ಹೋಗೂಣು."

ರವಿವಾರ ಬೆಳಿಗ್ಗೆ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಬೆನ್ನು ಮುರಿಸಿಕೊಂಡು ಅಲಖನೂರ ಮುಟ್ಟಿದೆವು. ಶೈಲಾ ಹಿಂದಿನ ಖೋಲಿಯಲ್ಲಿ ಟ್ರಂಕಿನ ಮುಂದೆ ಕುಳಿತಿದ್ದಳು. ನಲವತ್ತೈದರ ಆಸುಪಾಸು, ಬರಿಗೈ, ಬರಿಹಣೆ. ಸೀರೆಗಳನ್ನು ಒಂದೇ ಅಳತೆಗೆ ಮಡಿಚಿಡುತ್ತಿದ್ದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಯಾರ ಮ್ಯಾಲೂ ನನಗ ಸಿಟ್ಟಿಲ್ರಿ ಅಕ್ಕಾರ," ಎಂದಳು. "ಹಳದಿ ಮುಟ್ಟಿದ್ದ ನಂದ ತಪ್ಪು. ಅದಕ ತಗದಾರ. ಆದ್ರ ಆ ತಾರೀಖು ಬರದು ಕಳಸಬಾರದಿತ್ತು."

"ಅದೇನು ತಾರೀಖು ತಂಗಿ?"

"ನಮ್ಮ ಮನ್ಯಾರ ದಿನಕರ್ಮದ ದಿನ. ಅವತ್ತ ನನ್ನ ಕೈಯಾಗಿನ ಬಳಿ ಒಡದ್ರು." ಅವಳು ಮಡಿಚಿದ್ದನ್ನು ಟ್ರಂಕಿಗಿಟ್ಟಳು. ಇನ್ನೊಂದು ಸೀರೆ ಎತ್ತಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಬೇಕಂತಲೇ ಆಕೆಯನ್ನು ಚಿತ್ರದಿಂದ ಕಿತ್ತು, ಮೇಲೆ ವಿಧವೆಯಾದ ದಿನವನ್ನು ಬರೆದು ಖಾಲಿ ಸೀಡಿ ಕಳಿಸಿದವನು ಎಂಥ ಮನುಷ್ಯನಿರಬೇಕು!

ಮುರಗೆಪ್ಪ ಪಡಸಾಲೆಯಲ್ಲಿ ಅಡಕೊತ್ತು ಹಿಡಿದು ಕುಳಿತಿದ್ದರು. ದ್ರಾಕ್ಷಿ ತೋಟ, ಕಬ್ಬಿನ ಹೊಲ, ಊರಲ್ಲಿ ಮಾತು ನಡೆಯುವ ಆಸಾಮಿ. ಅಕ್ಕಾರು ನೇರವಾಗಿ ಕೇಳಿದರು, "ಸ್ಟುಡಿಯೋಕ್ಕ ಹೋಗಿದ್ರೇನ್ರಿ?"

"ನಾ ಯಾಕ ಹೋಗಲಿ? ಲಗ್ನ ಆದಾಗಿಂದ ರಾಯಬಾಗದ ಮಾರಿ ನೋಡಿಲ್ಲ. ಆ ಲಖನ ಅನ್ನಾಂವನ ಕೇಳ್ರಿ. ಪಾಪ, ಫ್ಯಾನ್ ಇಲ್ಲದ ಖೋಲ್ಯಾಗ ಬೆವರು ಸುರಿಸ್ಕೋತ ಶೂಟಿಂಗ್ ಎಲ್ಲಾ ಕೂಡಸಾಂವ ಅಂವನ."

ನಮ್ಮನ್ನು ಕಳಿಸಲು ಅವರು ಬೇವಿನ ಮರದ ತನಕ ಬಂದರು. ಅಲ್ಲಿ ದನಿ ತಗ್ಗಿಸಿ ಹೇಳಿದರು, "ನನ್ನ ತಮ್ಮನ ದಿನಕರ್ಮ ಮುಗದ ಕೂಡ್ಲೆ ಆಕಿ ಅಣ್ಣ ದಾದಾಸಾಹೇಬ ಕರಕೊಂಡು ಹೋಗಾಕ ಟೆಂಪೋ ತಂದಿದ್ದ. ಆಕಿ ಹತ್ತಿ ಕುಂತಿದ್ಲು. ನಮ್ಮ ಅಮೋಲ ಆಗ ಐದು ವರ್ಷದಾಂವ. ಟೆಂಪೋದ ಹಿಂದಿನ ಹಲಗಿ ಹಿಡಕೊಂಡು ಬಿಡಲೇ ಇಲ್ಲ. ಆಕಿ ಇಳದ ಬಿಟ್ಲು. ಅವತ್ತ ಅಂವ ನಿಲ್ಲಿಸಿದ. ಇವತ್ತ ನಿಲ್ಲಸಾಕ ನನಗ ಮಾರಿ ಇಲ್ಲ."

ಮಧ್ಯಾಹ್ನ ರಾಯಬಾಗದ ಸ್ಟುಡಿಯೋಗೆ ಬಂದೆವು. ಕೆಳಗೆ ಕೌಂಟರಿನಲ್ಲಿ ಮಾಲೀಕ ವಿಠೋಬಾ, ಮೇಲಿನ ಪುಟ್ಟ ಖೋಲಿಯಲ್ಲಿ ಲಖನ. ಮೂವತ್ತು ದಾಟಿದ, ತೆಳ್ಳಗಿನ, ಕಡಿಮೆ ಮಾತಿನವನು. ಆ ಖೋಲಿ ಒಲೆಯಾಗಿತ್ತು. ಚಾವಣಿಯಲ್ಲಿ ಫ್ಯಾನು ಇರಬೇಕಾದಲ್ಲಿ ಎರಡು ವೈರು ಜೋತಾಡುತ್ತಿದ್ದವು. "ಹ್ವಾದ ರವಿವಾರ ಸುಟ್ಟೈತ್ರಿ," ಎಂದ ವಿಠೋಬಾ. "ಅವತ್ತ ಇಡೀ ದಿನ ಅಂಗಡಿ ಬಾಗಲಾ ಹಾಕಿ ನಾನ ಬಿಚ್ಚಿ ವೈಂಡಿಂಗಿಗೆ ಕೊಟ್ಟು ಬಂದೀನಿ."

ಕ್ಯಾಸೆಟ್ಟಿನ ಮೂಲ ಶೂಟಿಂಗ್ ಇದೆಯೇ ಎಂದರೆ, ಅದರ ಮೇಲೆ ಆಗಲೇ ಕಾಗವಾಡದ ಮದುವೆ ತೆಗೆದಾಗಿತ್ತು. ಕಂಪ್ಯೂಟರಿನಲ್ಲಿದ್ದದ್ದು? "ಸೀಡಿ ಕೊಟ್ಟ ಮ್ಯಾಲ ಅಳಿಸಿಬಿಡಬೇಕು ಅಂತ ನನ್ನ ಕಟ್ಟಪ್ಪಣಿ. ಜಾಗ ಸಾಲೂದಿಲ್ರಿ," ಎಂದ ವಿಠೋಬಾ. ಲಖನ ತಲೆ ತಗ್ಗಿಸಿ, "ಅಳಿಸೇನ್ರಿ" ಎಂದ. ಆಗ ಅವನ ಕೈ ಮೇಜಿನ ಡ್ರಾವರಿನ ಮೇಲಿತ್ತು.

"ಶನಿವಾರ ಅಮೋಲ ಬಂದಿದ್ದನಲ್ಲ?"

"ಹೌದ್ರಿ, ಹಾಡು ಆರಿಸಾಕ. ಎಲ್ಲಾ ಕೂಡಿಸಿ ಮುಗಿಸಿದ್ದೆ. ಹನ್ನೆರಡಕ್ಕ ಕರೆಂಟು ಹೋತು, ನಾ ಉಂಡು ಬರಾಕ ಮನಿಗೆ ಹ್ವಾದೆ, ಅಂವ ಇಲ್ಲೇ ಕುಂತಿದ್ದ. ತಿರುಗಿ ಬರೂದರಾಗ ಒಂದೂವರೆ ತಾಸು ಆಗಿತ್ತು. ಕರೆಂಟು ಬಂದಿತ್ತು, ಅಂವ ಮೀರಜಿಗೆ ಹ್ವಾಗಿದ್ದ."

"ನನಗ ಒಂದು ತಿಳಿಸಿ ಹೇಳಪಾ. ನೀ ಎಲ್ಲಾ ಕೂಡಿಸಿ ಮುಗಿಸಿದ ಮ್ಯಾಲ ಸೀಡಿ ಹ್ಯಾಂಗ ಆಗತೈತಿ?"

ಕೆಲಸದ ಮಾತು ಬಂದೊಡನೆ ಲಖನನ ಮುಖ ಅರಳಿತು. "ಕೂಡಿಸೂ ಮುಂದ ನಾವು ಸೇವ್ ಮಾಡೂದು ಬರೇ ಪ್ರಾಜೆಕ್ಟ್ ರೀ. ಯಾವ ತುಣುಕು ಎಲ್ಲಿಂದ ಎಲ್ಲೀತನಕ, ಯಾವ ಹಾಡು, ಅಷ್ಟು ಬರಕೊಂಡಿರತೈತಿ. ಚಿತ್ರ ಅದರಾಗ ಇರೂದಿಲ್ಲ. ಮುಗದ ಮ್ಯಾಲ ಎಕ್ಸ್‌ಪೋರ್ಟ್ ಮಾಡಬೇಕು. ಆಗ ಕಂಪ್ಯೂಟರು ಎಲ್ಲಾ ಸೇರಿಸಿ ಒಂದ ಪಿಚ್ಚರ್ ಮಾಡತೈತಿ. ಸೀಡಿಗೆ ದೊಡ್ಡದು, ನೆಟ್ಟಿಗೆ ಸಣ್ಣದು. ಮೂರು ತಾಸಿನ ಮದವಿಗೆ ನಾಕು ತಾಸು ತಗೋತೈತಿ."

ಹಿಂದಿರುಗುವಾಗ ನಾನು ಗಾಡಿ ನಿಲ್ಲಿಸಿಯೇಬಿಟ್ಟೆ. "ಅಕ್ಕಾರ, ಇದು ಮುರಗೆಪ್ಪಂದ ಕೆಲಸ! ಫ್ಯಾನ್ ಇಲ್ಲ ಅಂತ ಅವರಿಗೆ ಹ್ಯಾಂಗ ಗೊತ್ತು? ಅದು ಬಿಚ್ಚಿದ್ದು ಹ್ವಾದ ರವಿವಾರ. ರಾಯಬಾಗಕ್ಕ ಬಂದೇ ಇಲ್ಲ ಅಂತ ಸುಳ್ಳು ಹೇಳಿದ್ರು. ಆ ಲಖನನೂ ಅವರ ಕೂಡ ಶಾಮೀಲು."

"ಶಾಣ್ಯಾ ಆಗಾಕತ್ತೀ ಮಲಕಾರಿ," ಎಂದು ಅಕ್ಕಾರು ಬೆನ್ನು ತಟ್ಟಿದರು. ನಾನು ಉಬ್ಬಿದೆ. "ಅರ್ಧ ಖರೆ ಹೇಳಿದಿ. ಉಳದರ್ಧ ನಾಳೆ ನೋಡೂಣು. ನಾಳೆ ಆ ಟೆಂಪೋ ರಾಯಬಾಗ ದಾಟಿ ಹೋಗಬೇಕು. ಅದನ್ನ ತಡದು ನಿಲ್ಲಿಸೂ ಕೆಲಸ ನಿಂದು."

ಸೋಮವಾರ ಹನ್ನೆರಡೂವರೆಗೆ ನಾನು ನನ್ನ ಎಂ-ಎಯ್ಟಿಯನ್ನು ಸ್ಟುಡಿಯೋದ ಮುಂದೆ ರಸ್ತೆಗೆ ಅಡ್ಡ ಹಾಕಿ ನಿಂತೆ. ದಾದಾಸಾಹೇಬ ಬ್ರೇಕ್ ಹಾಕಿ ಮರಾಠಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಟೆಂಪೋದಲ್ಲಿ ಟ್ರಂಕು, ಎರಡು ಗಂಟು, ಶೈಲಾ. ಅಕ್ಕಾರೇ ಹೋಗಿ, "ಹದಿನೈದು ನಿಮಿಷ ಕೊಡು ತಂಗಿ, ಆಮ್ಯಾಲ ನಿನ್ನಿಚ್ಛಾ" ಎಂದು ಅವಳನ್ನು ಇಳಿಸಿದರು. ಮುರಗೆಪ್ಪನನ್ನು ಸರಿತಾ ಬೆಳಗಿನ ಬಸ್ಸಿಗೇ ಕರೆತಂದಿದ್ದಳು. ಆ ಒಲೆಯಂಥ ಖೋಲಿಯಲ್ಲಿ ಎಲ್ಲರೂ ಒತ್ತೊತ್ತಾಗಿ ಕುಳಿತೆವು. ಎರಡು ಗಂಟೆಗೆ ಕರೆಂಟು ಹೋಗುತ್ತದೆ ಎಂದು ವಿಠೋಬಾ ಮೊದಲೇ ಎಚ್ಚರಿಸಿದ.

"ಎಲ್ಲಾರೂ ನಿಮ್ಮ ನಿಮ್ಮ ಮನಸಿನಾಗ ಒಬ್ಬೊಬ್ಬರನ್ನ ಕಳ್ಳ ಮಾಡೀರಿ," ಎಂದು ಅಕ್ಕಾರು ಶುರು ಮಾಡಿದರು. "ಮೊದಲ ಲಖನನ ಮಾತು. ಹಳದಿ ಕತ್ತರಿಸಿದಲ್ಲಿ ಹಾಡು 'ಟಕ್' ಅಂತ ನಿಲ್ಲತೈತಿ. ಇಷ್ಟು ನಾಜೂಕು ಕೈ ಇರಾಂವ ಹಂಗ ಹರದಂಗ ಕತ್ತರಿಸೂದಿಲ್ಲ. ಅದು ಕಲೀಲಾರದವರ ಕೈ."

ಅವರು ಮುರಗೆಪ್ಪನ ಕಡೆ ತಿರುಗಿದರು. "ಯಜಮಾನ್ರ, ಫ್ಯಾನ್ ಇಲ್ಲಂತ ನಿಮಗ ಯಾರು ಹೇಳಿದ್ರು?"

ಮುರಗೆಪ್ಪ ಒಮ್ಮೆ ಚಾವಣಿ ನೋಡಿದರು, ಒಮ್ಮೆ ಶೈಲಾಳನ್ನು. ಆಮೇಲೆ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಸೋಮವಾರ ಬಂದಿದ್ದೆ. ಆಕಿ ಹಳದಿ ಹಚ್ಚಿದ್ದು ತಗಿ ಅಂತ ಹೇಳಾಕ ಬಂದಿದ್ದೆ. ಬೀಗರು, ಪಾವಣ್ಯಾರು ಏನಂತಾರ ಅನ್ನೂ ಭಯ. ಈ ಲಖನ ತಗದು ನೋಡಿದ. ಅಲ್ಲಿ ಅದು ಇರಲೇ ಇಲ್ಲ. ಯಾರೋ ಆಗಲೇ ತಗದಿದ್ರು. ನಾ ಬಂದದ್ದು ಯಾರಿಗೂ ಹೇಳಬ್ಯಾಡ ಅಂತ ಇವನ ಕೈ ಹಿಡದು ಹೋದೆ."

"ಕೇಳಿದ್ರಲ್ಲ," ಎಂದರು ಅಕ್ಕಾರು. "ಸೋಮವಾರಕ್ಕ ಇಲ್ಲ. ರವಿವಾರ ಅಂಗಡಿ ಬಾಗಲಾ ಹಾಕಿತ್ತು. ಶನಿವಾರ ಹನ್ನೆರಡಕ್ಕ ಎಲ್ಲಾ ಕೂಡಿ ಮುಗದಿತ್ತು. ಆಮ್ಯಾಲ ಈ ಖೋಲ್ಯಾಗ ಒಬ್ಬನ ಕುಂತಿದ್ದಾಂವ ಯಾರು? ಕತ್ತರಿಸಿದಾಂವ ಅಮೋಲ."

"ಅಕ್ಕಾರ!" ಎಂದು ಸರಿತಾ ಚೀರಿದಳು.

ಶೈಲಾ ಮಾತ್ರ ಅಲುಗಲಿಲ್ಲ. "ನನಗ ಗುರುವಾರನ ಗೊತ್ತಿತ್ರಿ. ಸೀಡಿ ಮ್ಯಾಲಿನ ನಾಕರ ಅಂಕಿ ನೋಡಿದ ಕೂಡ್ಲೆ ತಿಳೀತು. ಅಂವಗ ನಾಕು ಬರಿಯಾಕ ಕಲಿಸಿದಾಕಿ ನಾನ. ಎಷ್ಟು ತಿದ್ದಿದ್ರೂ ಬಾಲಾ ಉದ್ದ ಎಳೀತಿದ್ದ." ಅವಳು ಎದ್ದು ಸೆರಗು ಹೊದ್ದುಕೊಂಡಳು. "ನಡಿ ಅಣ್ಣಾ."

"ಕುಂಡ್ರು." ಅಕ್ಕಾರ ದನಿಯಲ್ಲಿ ವಾರ್ಡಿನ ಗಡಸು ಬಂತು. ಶೈಲಾ ಕುಳಿತಳು, ಹೇಳಬೇಕೆಂದರೆ ನಾನೂ ಕುಳಿತೆ. "ಲಖನ, ನೀನೂ ಅಮೋಲ ನಾಚಿಕಿಯಿಂದ ತಗದಾನ ಅಂತ ತಿಳ್ಕೊಂಡಿ. ಅದಕ ಬಾಯಿ ಹೊಲಕೊಂಡಿ. ಹೌದಿಲ್ಲೋ?"

ಲಖನ ನೆಲ ನೋಡುತ್ತ ಹೇಳಿದ, "ಹೌದ್ರಿ. ಮಗನ ಮಾಡ್ಯಾನ ಅಂತ ಕಾಕುಗ ತಿಳಿಯೂದಕಿಂತ ನಾನ ಕೆಡಿಸೇನಿ ಅಂದ್ಕೊಳ್ಳಲಿ ಅನಸ್ತು. ಆ ಜಾಗದಾಗ ಹಾಡು ಸರಿ ಮಾಡಾಕೂ ಮನಸಾಗಲಿಲ್ಲ."

"ನಾಚಿಕಿ ಬಂದು ಕತ್ತರಿಸಾಂವ ಕತ್ತರಿಸಿ ಒಗೀತಾನ, ಬಿಟ್ಟು ಹೋಗತಾನ. ಅಮೋಲ ಹೊಸಾ ಸೀಡಿಗೆ ಏನೋ ಬರದು ಇಟ್ಟಾನ. ವಿಠೋಬಾ, ಆ ಸೀಡಿ ನಿನ್ನ ಕಡೆ ಹ್ಯಾಂಗ ಬಂತು?"

"ಗಡಬಡಿಯೊಳಗ ಇಳದು ಬಂದು ಕೊಟ್ಟನ್ರಿ. 'ಮನಿಗೆ ಕಳಸೂ ಚೀಲದಾಗ ಇದನ್ನೂ ಹಾಕ್ರಿ, ನಾ ಇಲ್ಲೆ ಹಾಕಿ ನೋಡೇನಿ, ಛಲೋ ನಡೀತೈತಿ' ಅಂದ. ನಾನೂ ಏನೋ ಫೋಟೊ ಇರಬೇಕಂತ ಕೇಳಲಿಲ್ಲ."

"'ಇಲ್ಲೆ' ನಡೀತು!" ಅಕ್ಕಾರು ಬೆರಳೆತ್ತಿದರು. "ಮನ್ಯಾಗ ನಡೀಲಿಲ್ಲ, ಮಲಕಾರಿಯ ಕಂಪ್ಯೂಟರಿನಾಗ ನಡೀಲಿಲ್ಲ. ಯಾಕ? ನಿನ್ನೆ ಲಖನ ಹೇಳಿದ, ಸೇವ್ ಮಾಡೂದು ಬರೇ ಪ್ರಾಜೆಕ್ಟ್ ಅಂತ. ನನಗ ತಿಳಿಯೂ ಮಾತಿನಾಗ ಹೇಳಬೇಕಂದ್ರ ಅದು ಡಾಕ್ಟರ ಬರದ ಚೀಟಿ. ಔಷಧ ಈ ಕಂಪ್ಯೂಟರಿನಾಗ ಇತ್ತು, ಅದಕ ಇಲ್ಲೆ ನಡೀತು. ಆ ಹುಡುಗ ಎಕ್ಸ್‌ಪೋರ್ಟ್ ಮಾಡಲಿಲ್ಲ, ಚೀಟಿಯನ್ನಷ್ಟ ಸೀಡಿಗೆ ಹಾಕಿ ಕಳಿಸಿದ. ಅದಕ ಅಷ್ಟು ಸಣ್ಣ ಗೆರಿ."

ಲಖನ ಹಣೆ ಚಚ್ಚಿಕೊಂಡ. "ಹೊಸಬರೆಲ್ಲ ಮಾಡೂ ತಪ್ಪು ರೀ ಅದು! ಮತ್ತ ಮದವಿ ಪ್ರಾಜೆಕ್ಟದಾಗಿಂದ ತುಣುಕು ತಗೊಳ್ಳೂ ಮುಂದ ಕಾಪಿ ಮಾಡೂದು ಬಿಟ್ಟು ಕಟ್ ಒತ್ಯಾನ. ಅದಕ ಅಲ್ಲಿಂದ ಹ್ವಾತು!"

"ಸೀಡಿ ಹಾಕು."

ಲಖನ ಕೈ ಚಾಚಲಿಲ್ಲ. ವಿಠೋಬಾನೇ ಹೇಳಿದ, "ಚೀಟಿ ಇದ್ದು ಏನು ಮಾಡೂದ್ರಿ ಅಕ್ಕಾರ? ಔಷಧ ಅಳಿಸಿಬಿಟ್ಟೇವಲ್ಲ."

"ಲಖನ, ಆ ಡ್ರಾವರ್ ತಗಿಯಪಾ."

ಲಖನ ಮಾಲೀಕನ ಮುಖ ನೋಡಿದ, ಡ್ರಾವರ್ ಎಳೆದ, ಹಳೆಯ ಪಂಜೆಯ ತುಂಡಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್ ಹೊರಗಿಟ್ಟ. "ಬೈಬ್ಯಾಡ್ರಿ ಮಾಲಕರ. ಹಳದಿಯ ಶೂಟಿಂಗ್ ಅಷ್ಟು ಅಳಸಾಕ ಕೈ ಬರಲಿಲ್ಲ. ನಮ್ಮದು ಬೌದ್ಧರ ಮನಿ. ನಮ್ಮವ್ವ ವಿಧವಿ, ನನ್ನ ಲಗ್ನದಾಗ ಎಲ್ಲಾರಕಿಂತ ಮುಂದ ನಿಂತು ಹೂವು ಹಾಕಿದ್ಲು. ಅಂಥಾದ್ದ ಇನ್ನೊಂದು ಮನ್ಯಾಗ ನೋಡಿದ್ದು ಅದ ಮೊದಲ. ಅಳಸೇನಿ ಅಂತ ಸುಳ್ಳು ಹೇಳಿದೆ."

ವಿಠೋಬಾ ಬೈಯಲಿಲ್ಲ. ಕುರ್ಚಿ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟ.

ಲಖನ ಹಾರ್ಡ್ ಡಿಸ್ಕ್ ಜೋಡಿಸಿದ, ಏಳನೆಯ ಸೀಡಿಯನ್ನು ಹಾಕಿದ, ತುಣುಕು ಎಲ್ಲಿದೆ ಎಂದು ಕಂಪ್ಯೂಟರಿಗೆ ತೋರಿಸಿದ. ನಾನು ಕಸ ಎಂದಿದ್ದ ಆ ಫೈಲು ತೆರೆದುಕೊಂಡಿತು.

ಮೊದಲು ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ 14-6-1994. ಆಮೇಲೆ ಕೆಳಗೆ ಒಂದು ಸಾಲು:

'ಈ ದಿನ ನಮ್ಮವ್ವ ಟೆಂಪೋದಿಂದ ಇಳದ್ಲು.'

ಹಾಡು ಅರ್ಧ ಸಾಲಿನಿಂದ ಶುರುವಾಯಿತು. ಅಮೋಲ ಅಡುಗೆಮನೆಯಿಂದ ಒಬ್ಬ ಹೆಂಗಸಿನ ಕೈ ಹಿಡಿದು ತರುತ್ತಿದ್ದ. ಅವಳು ಜಗ್ಗುತ್ತಿದ್ದಳು, ಅವನು ಬಿಡುತ್ತಿರಲಿಲ್ಲ. ಅವಳ ಬರಿಗೈ ತಟ್ಟೆಯ ಮೇಲೆ ತಡವರಿಸಿತು, ಅರಿಷಿಣ ಮುಟ್ಟಿತು, ಅವನ ಕೆನ್ನೆಗೆ ಬಂತು. ಅವನು ಕಣ್ಣು ಮುಚ್ಚಿಕೊಂಡು ಕುಳಿತಿದ್ದ. ಕತ್ತರಿಸಿ ಹೋಗಿದ್ದ ಏಳು ನಿಮಿಷವೂ ಅಲ್ಲಿತ್ತು. ನಾನು ಅತ್ತೆ. ಐವತ್ತೆರಡು ವರ್ಷದ ಗಂಡಸು ಅಂತ ನಾಚಿಕೆ ಪಡಲಿಲ್ಲ.

"ನೀನು ಆ ತಾರೀಖನ್ನ ಬಳಿ ಒಡದ ದಿನ ಅಂತ ನೆನಪಿಟ್ಟಿ," ಎಂದರು ಅಕ್ಕಾರು ಮೆಲ್ಲಗೆ. "ಅಂವಗ ಅದು ನೀ ಉಳಕೊಂಡ ದಿನ. ಎಲ್ಲಾರ ಸೀಡಿಯೊಳಗ ಒಂದು ಮೂಲ್ಯಾಗ ನೀ ಇರೂದು ಅವಗ ಸಾಕಾಗಲಿಲ್ಲ. ನಿಂದ ಅಂತ ಒಂದು ಸೀಡಿ ಬೇಕಿತ್ತು."

ಶೈಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸರಿತಾ ಅವಳನ್ನು ತಬ್ಬಿಕೊಂಡಳು. "ಬಾಯಿ ತುಂಬ ಕಾಕು ಕಾಕು ಅಂತಿದ್ದ," ಎನ್ನುತ್ತಿದ್ದಳು ಶೈಲಾ. "ಒಂದ ದಿನಾನೂ ಅವ್ವ ಅಂದಿರಲಿಲ್ಲ."

ಮುರಗೆಪ್ಪ ಎದ್ದು ನಿಂತರು. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವ ರೂಢಿ ಅವರಿಗಿರಲಿಲ್ಲ; ಆವತ್ತು ನೋಡಿ ಮಾತಾಡಿದರು. "ಶೈಲಾ, ಅವತ್ತ ನಿನ್ನ ನಿಲ್ಲಿಸಿದಾಂವ ಐದು ವರ್ಷದ ಹುಡುಗ. ನಾ ಸುಮ್ಮನ ನಿಂತಿದ್ದೆ. ಇವತ್ತ ನಾ ಕೇಳಾಕತ್ತೀನವಾ. ಗಂಟು ಇಳಸು." ಆಮೇಲೆ ಲಖನನ ಕಡೆ ತಿರುಗಿದರು. "ಮದವಿಯೊಳಗ ಅದನ್ನ ತಿರುಗಿ ಸೇರಸಪಾ. ಓಣಿಯೊಳಗ ಎಷ್ಟು ಮನಿ ಅದಾವ ಅಷ್ಟು ಸೀಡಿ ಮಾಡು. ಮತ್ತ ಆ ನೆಟ್ಟಿಗೂ ಹಾಕು. ಪಾವಣ್ಯಾರು ಎಲ್ಲಾರೂ ನೋಡಲಿ."

"ಭಾವಾರ…" ಎಂದಳು ಶೈಲಾ. ಅಷ್ಟೇ. ಬೇಡ ಎನ್ನಲಿಲ್ಲ.

ದಾದಾಸಾಹೇಬ ಟೆಂಪೋದ ಕೀಲಿಯನ್ನು ಕಿಸೆಗೆ ಹಾಕಿಕೊಂಡ. "ಅವತ್ತೂ ನಾನ ಡ್ರೈವರ್. ಎರಡನೇ ಸಲ ಖಾಲಿ ಟೆಂಪೋ ಹೊಡಕೊಂಡು ಹೋಗಬೇಕಾತು ನೋಡ್ರಿ," ಎಂದು ನಗಲು ಹೋಗಿ ಅತ್ತುಬಿಟ್ಟ.

ಕರೆಂಟು ಹೋಗಲು ಇಪ್ಪತ್ತೇ ನಿಮಿಷವಿತ್ತು. ಲಖನ ಮೌಸ್ ಹಿಡಿದು, "ಮೊದಲ ಕಾಕುನ ಸೀಡಿ ಎಕ್ಸ್‌ಪೋರ್ಟ್ ಮಾಡೂಣ್ರಿ," ಎಂದ. ಕೈ ತಡೆದು ಮತ್ತೆ ಹೇಳಿದ, "ಹಾಡು ಅರ್ಧಕ್ಕ ಶುರು ಆಗತೈತಿ. ಎರಡು ನಿಮಿಷ ಕೊಡ್ರಿ, ನಾಜೂಕ ಕೂಡಸ್ತೀನಿ. ಕಿವಿಗೆ ಚುಚ್ಚತೈತಿ."

ಶೈಲಾ ಕಣ್ಣೊರೆಸಿಕೊಂಡು ಪರದೆಯ ಹತ್ತಿರ ಬಂದಳು.

"ಬ್ಯಾಡಪಾ," ಎಂದಳು. "ಅದು ನನ್ನ ಮಗನ ಕೈ ಕೆಲಸ. ಹಂಗ ಇರಲಿ."